ಯುದ್ಧವಿಮಾನ ಸಿಮ್ಯುಲೇಟರ್‌ನಲ್ಲಿ ರೇಡಾರ್ ಪರದೆ ಓದುವುದು ಹೇಗೆ?

ಡಿಸಿಎಸ್ ವರ್ಲ್ಡ್, ಫಾಲ್ಕನ್ ಬಿಎಂಎಸ್‌ನಂಥ ಸಿಮ್ಯುಲೇಟರ್‌ಗಳಲ್ಲಿ ಟೇಕಾಫ್, ಲ್ಯಾಂಡಿಂಗ್ ಕೈಗೆ ಹತ್ತಿದ ಮೇಲೆ ಹೆಚ್ಚಿನವರು ಮುಗ್ಗರಿಸುವುದು ರೇಡಾರ್ ಪರದೆಯ ಮುಂದೆ. ನಾಲ್ಕಾರು ಚೌಕ, ಒಂದೆರಡು ಗೆರೆ, ಅಂಚಿನ ತುಂಬ ಅಂಕಿ. ಕೈಪಿಡಿಯಲ್ಲಿ ಚಿಹ್ನೆಗಳ ಉದ್ದದ ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡಿ ಹಾರಲು ಹೊರಟವರಿಗೆ ಮೊದಲ ಎದುರಾಳಿ ಎದುರಾದಾಗ ಒಂದೂ ನೆನಪಾಗುವುದಿಲ್ಲ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಓದುವ ಕ್ರಮ ಗೊತ್ತಿಲ್ಲದೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ.

ಪರದೆಯ ಮೇಲಿನ ಪ್ರತಿ ಚಿಹ್ನೆಯೂ ಹೇಳುವುದು ಒಂದನ್ನೇ: ಆ ವಿಮಾನದ ಬಗ್ಗೆ ನಿಮ್ಮ ರೇಡಾರ್‌ಗೆ ಸದ್ಯ ಎಷ್ಟು ಗೊತ್ತಿದೆ. ಬರಿಯ ಚೌಕ ಎಂದರೆ ‘ಅಲ್ಲಿ ಏನೋ ಇದೆ’. ಚೌಕಕ್ಕೆ ಗೆರೆಯೊಂದು ಮೂಡಿದರೆ ‘ಅದು ಯಾವ ಕಡೆ ಹೋಗುತ್ತಿದೆ ಗೊತ್ತಾಯಿತು’. ಸುತ್ತ ವೃತ್ತ ಬಿದ್ದರೆ ‘ನೀವು ಆರಿಸಿದ್ದು ಇದನ್ನೇ, ಇದರ ಮೇಲೆ ಹೆಚ್ಚು ಗಮನ ಇಟ್ಟಿದ್ದೇನೆ’. ಈ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತೋಣ. ಉದಾಹರಣೆಗಳೆಲ್ಲ ಎಫ್-16ಸಿ ಮತ್ತು ಎಫ್/ಎ-18ಸಿ ಹಾರ್ನೆಟ್‌ನವು. ಕ್ರಮ ತಿಳಿದರೆ ಬೇರೆ ವಿಮಾನದ ಪರದೆಯೂ ಬೇಗ ಒಗ್ಗುತ್ತದೆ.

ಹಂತ 1: ಪರದೆಯನ್ನು ನಕ್ಷೆ ಎಂದು ಓದಬೇಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಇಲ್ಲಿ ಎಡವಿದರೆ ಮುಂದಿನದೆಲ್ಲ ಗೊಂದಲ.

ಈ ಎರಡೂ ವಿಮಾನಗಳ ಆಕಾಶ ಹುಡುಕುವ ಪರದೆಗೆ ಬಿ-ಸ್ಕೋಪ್ ಎನ್ನುತ್ತಾರೆ. ಅಡ್ಡಕ್ಕೆ ಕೋನ, ಉದ್ದಕ್ಕೆ ದೂರ. ನಿಮ್ಮ ವಿಮಾನ ಕೆಳಗಿನ ಅಂಚಿನ ನಡುವಿನ ಒಂದು ಬಿಂದುವಿನಲ್ಲಿದೆ ಎಂದು ಕಣ್ಣು ಹೇಳುತ್ತದೆ. ಅದು ಸರಿಯಲ್ಲ: ಕೆಳಗಿನ ಅಂಚು ಪೂರ್ತಿಯಾಗಿ ನೀವೇ. ಬೀಸಣಿಗೆಯ ಆಕಾರದ ಆಕಾಶವನ್ನು ಹಿಗ್ಗಿಸಿ ಚೌಕದೊಳಗೆ ಕೂರಿಸಿದ್ದರಿಂದ ಹೀಗಾಗಿದೆ. ಮೂತಿಯ ಹತ್ತಿರದ ಸಣ್ಣ ಜಾಗ ಪರದೆಯ ಬುಡದಲ್ಲಿ ವಿಪರೀತ ಅಗಲವಾಗಿ ಕಾಣುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಮನಸ್ಸಿಗೆ ಇಳಿಯುತ್ತದೆ. ಮೂತಿಯಿಂದ ಎಡಕ್ಕೆ 30 ಡಿಗ್ರಿಯಲ್ಲಿ ಎರಡು ವಿಮಾನಗಳಿವೆ. ಒಂದು 40 ನಾಟಿಕಲ್ ಮೈಲಿ ದೂರ, ಇನ್ನೊಂದು 10. ಪರದೆಯಲ್ಲಿ ಇವೆರಡೂ ಒಂದೇ ನೇರ ಗೆರೆಯಲ್ಲಿ, ಒಂದರ ಕೆಳಗೊಂದು ಕಾಣುತ್ತವೆ. ಆಕಾಶದಲ್ಲಿ ಮಾತ್ರ ಮೊದಲನೆಯದು ನಿಮ್ಮ ದಾರಿಯಿಂದ 20 ಮೈಲಿ ಎಡಕ್ಕಿದೆ, ಎರಡನೆಯದು ಬರಿಯ 5 ಮೈಲಿ.

ಈಗ ಇದನ್ನೇ ಚಲಿಸುವಂತೆ ಊಹಿಸಿ. ಎದುರಾಳಿ ನಿಮ್ಮ ದಾರಿಗೆ ಸಮಾನಾಂತರವಾಗಿ, 5 ಮೈಲಿ ಬಲಕ್ಕೆ, ಎದುರುಮುಖವಾಗಿ ಬರುತ್ತಿದ್ದಾನೆ. 40 ಮೈಲಿಯಲ್ಲಿದ್ದಾಗ ಅವನ ಕೋನ ಸುಮಾರು 7 ಡಿಗ್ರಿ. 20 ಮೈಲಿಗೆ ಬಂದಾಗ ಸುಮಾರು 14. 10 ಮೈಲಿಗೆ 30. ಅವನು ಒಂದಿಷ್ಟೂ ತಿರುಗಿಲ್ಲ, ಆದರೂ ಚಿಹ್ನೆ ಬಲಕ್ಕೆ ಬಾಗುತ್ತ ಪರದೆಯ ಅಂಚಿಗೆ ಓಡುತ್ತದೆ. ‘ತಪ್ಪಿಸಿಕೊಂಡು ಹೋಗುತ್ತಿದ್ದಾನೆ’ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ.

ಇದರಿಂದ ಒಂದು ಉಪಯುಕ್ತ ನಿಯಮ ಸಿಗುತ್ತದೆ. ನೀವು ದಿಕ್ಕು, ವೇಗ ಬದಲಿಸದೆ ಹಾರುತ್ತಿರುವಾಗ ಯಾವ ಚಿಹ್ನೆ ಅಕ್ಕಪಕ್ಕ ಸರಿಯದೆ ನೇರ ಕೆಳಗಿಳಿಯುತ್ತದೋ, ಆ ವಿಮಾನ ನಿಮ್ಮನ್ನು ಸಂಧಿಸುವ ಹಾದಿಯಲ್ಲಿದೆ. ಅದು ಮೂತಿಯ ಮುಂದೆಯೇ ಇರಬೇಕೆಂದಿಲ್ಲ. 40 ಡಿಗ್ರಿ ಪಕ್ಕದಲ್ಲಿದ್ದು ನೇರ ಇಳಿದರೂ ಅರ್ಥ ಅದೇ. ಬಾಗುತ್ತ ಅಂಚಿಗೆ ಹೋಗುವುದು ಪಕ್ಕದಿಂದ ಹಾದುಹೋಗುವಂಥದ್ದು. ಬಣ್ಣ, ಆಕಾರ ಯಾವುದನ್ನೂ ನೋಡುವ ಮೊದಲೇ ಇಷ್ಟನ್ನು ಹೇಳಬಲ್ಲವರಿಗೆ ಅರ್ಧ ರೇಡಾರ್ ಬಂತು ಎಂದೇ ನನ್ನ ಲೆಕ್ಕ.

ಹಂತ 2: ಅಂಚಿನ ಅಂಕಿಗಳನ್ನು ಮೊದಲು ಓದಿ

ಚಿಹ್ನೆ ಹುಡುಕುವ ಮುನ್ನ ‘ನಾನು ಆಕಾಶದ ಯಾವ ಭಾಗವನ್ನು ನೋಡುತ್ತಿದ್ದೇನೆ’ ಎಂದು ಕೇಳಿಕೊಳ್ಳಿ. ಉತ್ತರ ಅಂಚಿನಲ್ಲಿದೆ.

ದೂರದ ಸ್ಕೇಲ್: 5, 10, 20, 40, 80, 160 ನಾಟಿಕಲ್ ಮೈಲಿ. ಇದು ಪರದೆಯ ಮೇಲಿನ ಅಂಚು ಎಷ್ಟು ದೂರ ಎಂದು ಹೇಳುತ್ತದೆ. ಪರದೆಯ ಮಧ್ಯದಲ್ಲಿರುವ ಚಿಹ್ನೆ 40ರ ಸ್ಕೇಲ್‌ನಲ್ಲಿ 20 ಮೈಲಿ ದೂರ, 80ರಲ್ಲಿ 40 ಮೈಲಿ. ಸ್ಕೇಲ್ ಬದಲಾದಾಗ ಚಿಹ್ನೆ ಜಿಗಿದಂತೆ ಕಾಣುತ್ತದೆ, ಜಿಗಿದದ್ದು ವಿಮಾನವಲ್ಲ.

ಅಗಲ ಮತ್ತು ಸಾಲು: ಎಫ್-16ರಲ್ಲಿ ಎ6 ಎಂದರೆ ಎಡಕ್ಕೂ ಬಲಕ್ಕೂ ತಲಾ 60 ಡಿಗ್ರಿ, ಎ3 ಎಂದರೆ 30, ಎ1 ಎಂದರೆ 10. ಪಕ್ಕದ 4ಬಿ, 2ಬಿ ಎಂಬುದು ಆಂಟೆನಾ ಒಂದರ ಮೇಲೊಂದು ಎಷ್ಟು ಸಾಲು ಗುಡಿಸುತ್ತದೆ ಎಂಬ ಲೆಕ್ಕ. ಹಾರ್ನೆಟ್‌ನಲ್ಲಿ ಅಗಲ ಒಟ್ಟು ಕೋನದಲ್ಲಿ ಬರುತ್ತದೆ: 20, 40, 60, 80, 140 ಡಿಗ್ರಿ. ಹಾಗಾಗಿ ಹಾರ್ನೆಟ್‌ನ 60 ಮತ್ತು ಎಫ್-16ರ ಎ6 ಒಂದೇ ಅಲ್ಲ. ವಿಮಾನ ಬದಲಿಸುವವರು ಇದನ್ನು ಗಮನಿಸಿ.

ಅಗಲ, ಸಾಲು ಹೆಚ್ಚಾದಷ್ಟೂ ಒಂದು ಪೂರ್ತಿ ಸುತ್ತಿಗೆ ಹೆಚ್ಚು ಹೊತ್ತು ಬೇಕು. ಕತ್ತಲ ಬಯಲಲ್ಲಿ ಟಾರ್ಚ್ ಬೀಸಿದ ಹಾಗೆ: ದೊಡ್ಡದಾಗಿ ಬೀಸಿದರೆ ಬಹಳ ಜಾಗ ಕಾಣುತ್ತದೆ, ಆದರೆ ಒಂದೇ ಜಾಗಕ್ಕೆ ಬೆಳಕು ಮತ್ತೆ ಬರುವುದು ತಡ. 600 ನಾಟ್ (ಗಂಟೆಗೆ 600 ನಾಟಿಕಲ್ ಮೈಲಿ) ವೇಗದ ವಿಮಾನ 6 ಸೆಕೆಂಡಿಗೆ 1 ಮೈಲಿ ಸಾಗುತ್ತದೆ. ಅಷ್ಟು ಹೊತ್ತು ಬೆಳಕು ಬೇರೆಲ್ಲೋ ಇದ್ದರೆ ನಿಮ್ಮ ಚಿಹ್ನೆ ಒಂದು ಮೈಲಿ ಹಳೆಯದು.

ಎತ್ತರದ ವ್ಯಾಪ್ತಿ: ಕರ್ಸರ್ ಎಂದರೆ ಎರಡು ಲಂಬ ಗೆರೆಗಳ ಜೋಡಿ. ಅದರ ಪಕ್ಕದ ಎರಡು ಅಂಕಿಗಳು, ಕರ್ಸರ್ ಇರುವ ದೂರದಲ್ಲಿ ರೇಡಾರ್ ಕಿರಣ ಮುಟ್ಟುತ್ತಿರುವ ಮೇಲಿನ ಮತ್ತು ಕೆಳಗಿನ ಎತ್ತರ. ಎರಡೂ ಸಾವಿರ ಅಡಿಗಳಲ್ಲಿ. ಮೇಲೆ 32, ಕೆಳಗೆ 8 ಎಂದಿದ್ದರೆ 8,000ದಿಂದ 32,000 ಅಡಿವರೆಗೆ ನೋಡುತ್ತಿದ್ದೀರಿ, ಅದರಾಚೆ ನೀವು ಕುರುಡರು. ಪರದೆಯ ಮೇಲೆ ಇದಕ್ಕಿಂತ ಬೆಲೆಬಾಳುವ ಅಂಕಿ ಇನ್ನೊಂದಿಲ್ಲ. ‘ಅವಾಕ್ಸ್ (ದೂರದಿಂದ ಆಕಾಶ ಕಾಯುವ ರೇಡಾರ್ ವಿಮಾನ) ಎದುರಾಳಿ ಇದ್ದಾನೆ ಎನ್ನುತ್ತಿದೆ, ನನ್ನ ರೇಡಾರ್‌ನಲ್ಲಿ ಏನೂ ಇಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇಲ್ಲೇ ಸಿಗುತ್ತದೆ.

ಹೇಗೆಂದರೆ: ನೀವು 25,000 ಅಡಿಯಲ್ಲಿದ್ದೀರಿ, ಅವನು 5,000 ಅಡಿಯಲ್ಲಿ. 40 ಮೈಲಿ ದೂರದಲ್ಲಿ ಅವನು ನಿಮ್ಮ ಕಣ್ಮಟ್ಟದಿಂದ 5 ಡಿಗ್ರಿಗಿಂತ ಸ್ವಲ್ಪ ಕಡಿಮೆ ಕೆಳಗಿರುತ್ತಾನೆ. 10 ಮೈಲಿಗೆ ಬಂದಾಗ 18 ಡಿಗ್ರಿ ಕೆಳಗೆ. ಇಬ್ಬರ ಎತ್ತರವೂ ಬದಲಾಗಿಲ್ಲ, ನೀವು ಆಂಟೆನಾವನ್ನು ಕೆಳಗಿಳಿಸದಿದ್ದರೆ ಅವನು ಕಿರಣದ ಕೆಳಗಿನಿಂದ ಜಾರಿಹೋಗುತ್ತಾನೆ. ಮನಸ್ಸಿನಲ್ಲೇ ಲೆಕ್ಕ ಹಾಕಲು: 1 ಡಿಗ್ರಿ ಎಂದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 100 ಅಡಿ. 10 ಮೈಲಿಗೆ 1,000 ಅಡಿ, 40ಕ್ಕೆ 4,000. ಎಡ ಅಂಚಿನಲ್ಲಿ ಮೇಲೆ ಕೆಳಗೆ ಸರಿಯುವ ಸಣ್ಣ ಗುರುತು ಆಂಟೆನಾ ಎತ್ತಿದ್ದನ್ನು, ಇಳಿಸಿದ್ದನ್ನು ತೋರಿಸುತ್ತದೆ. ಆಂಟೆನಾ ಎಲಿವೇಷನ್‌ಗೆ ಕೈಗೆ ಸುಲಭವಾಗಿ ಸಿಗುವ ಚಕ್ರವನ್ನೋ ಸ್ಲೈಡರನ್ನೋ ಜೋಡಿಸಿಕೊಳ್ಳಿ; ಕೀಬೋರ್ಡ್‌ನಲ್ಲಿ ಇದನ್ನು ನಡೆಸುವುದು ಕಷ್ಟ.

ಹಂತ 3: ಬರಿಯ ಚೌಕ

ಹುಡುಕಾಟದ ಮೋಡ್‌ನಲ್ಲಿ, ಅಂದರೆ ಆರ್‌ಡಬ್ಲ್ಯುಎಸ್‌ನಲ್ಲಿ, ಕಿರಣಕ್ಕೆ ಏನಾದರೂ ತಾಕಿದ ಜಾಗದಲ್ಲಿ ತುಂಬಿದ ಸಣ್ಣ ಚೌಕ ಮೂಡುತ್ತದೆ. ಆಟಗಾರರು ಇದನ್ನು ಬ್ರಿಕ್ ಎನ್ನುತ್ತಾರೆ. ಇದರಿಂದ ತಿಳಿಯುವುದು ಕೋನ ಮತ್ತು ದೂರ. ಯಾರು, ಎತ್ತ ಎಂಬುದಿಲ್ಲ.

ಹಳೆಯ ಚೌಕಗಳು ಕೂಡಲೇ ಅಳಿಯದೆ ಮಂಕಾಗುತ್ತ ಉಳಿಯುತ್ತವೆ. ಹಾರ್ನೆಟ್‌ನಲ್ಲಿ ಎಷ್ಟು ಹೊತ್ತು ಉಳಿಯಬೇಕೆಂದು 2ರಿಂದ 32 ಸೆಕೆಂಡ್‌ವರೆಗೆ ನೀವೇ ಹೊಂದಿಸಬಹುದು. ಹೊಸಬರು ಒಂದೇ ವಿಮಾನದ ಮೂರು ಚೌಕ ಕಂಡು ಮೂವರು ಎದುರಾಳಿಗಳೆಂದು ಎಣಿಸುವುದುಂಟು. ಹೊಳಪು ನೋಡಿ: ಒಂದು ಸಾಲಾಗಿ ಮಂಕಾಗುತ್ತ ಹೋದರೆ ಅದು ಒಬ್ಬನ ಹೆಜ್ಜೆಗುರುತು. ಎಲ್ಲವೂ ಒಂದೇ ಸುತ್ತಿನಲ್ಲಿ ಒಂದೇ ಹೊಳಪಿನಿಂದ ಮೂಡಿದರೆ ನಿಜಕ್ಕೂ ಹಲವರು. ಆ ಹೆಜ್ಜೆಗುರುತೇ ಎದುರಾಳಿ ಹತ್ತಿರವಾಗುತ್ತಿದ್ದಾನೋ ದೂರವಾಗುತ್ತಿದ್ದಾನೋ ಎಂಬುದನ್ನೂ ಹೇಳುತ್ತದೆ, ಲಾಕ್ ಮಾಡುವ, ಅಂದರೆ ರೇಡಾರನ್ನು ಒಂದೇ ಗುರಿಗೆ ಕಟ್ಟಿಹಾಕುವ ಮೊದಲೇ.

ಹಂತ 4: ಗೆರೆ, ಅಂಕಿ, ಆಕಾರ

ಟಿಡಬ್ಲ್ಯುಎಸ್ ಮೋಡ್‌ನಲ್ಲಿ ರೇಡಾರ್ ಹುಡುಕುತ್ತಲೇ ಪ್ರತಿ ವಿಮಾನಕ್ಕೂ ಒಂದು ಲೆಕ್ಕದ ಕಡತ ತೆರೆಯುತ್ತದೆ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಅದು ಎಲ್ಲಿಗೆ ಸರಿಯಿತು ಎಂದು ಹೋಲಿಸಿ ದಿಕ್ಕು, ವೇಗ ಕಂಡುಕೊಳ್ಳುತ್ತದೆ. ಚಿಹ್ನೆಯಿಂದ ಹೊರಟ ಸಣ್ಣ ಗೆರೆಯೇ ಆ ದಿಕ್ಕು. ಗೆರೆ ನೇರ ಕೆಳಕ್ಕಿದ್ದರೆ ಮೂತಿ ನಿಮ್ಮತ್ತಲೇ ಇದೆ. ರೇಡಿಯೋ ಮಾತಿನಲ್ಲಿ ‘ಹಾಟ್’. ನೇರ ಮೇಲಕ್ಕಿದ್ದರೆ ಬಾಲ ತೋರಿಸಿ ಹೋಗುತ್ತಿದ್ದಾನೆ, ‘ಕೋಲ್ಡ್’. ಅಡ್ಡಕ್ಕಿದ್ದರೆ ನಿಮಗೆ ಪಕ್ಕ ಕೊಟ್ಟು ಹಾರುತ್ತಿದ್ದಾನೆ, ‘ಬೀಮ್’. ಗೆರೆ ನಿಧಾನಕ್ಕೆ ಕೆಳಗಿನಿಂದ ಅಡ್ಡಕ್ಕೆ ಹೊರಳುವುದು ಕಂಡರೆ ಅವನು ನಿಮ್ಮನ್ನು ನೋಡಿ ತಿರುಗುತ್ತಿರಬಹುದು.

ಅಂಕಿ ಎತ್ತರದ್ದು, ಸಾವಿರ ಅಡಿಗಳಲ್ಲಿ. ಎಫ್-16ರಲ್ಲಿ ಚಿಹ್ನೆಯ ಕೆಳಗಿರುತ್ತದೆ. ಹಾರ್ನೆಟ್‌ನಲ್ಲಿ ಆಯ್ದ ಗುರಿಯ ಬಲಕ್ಕೆ ಎತ್ತರ, ಎಡಕ್ಕೆ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ವೇಗ). ಎಡಕ್ಕೆ 0.9, ಬಲಕ್ಕೆ 25 ಎಂದರೆ 25,000 ಅಡಿಯಲ್ಲಿ ಮ್ಯಾಕ್ 0.9.

ಹಾರ್ನೆಟ್‌ನ ಆಕಾರಗಳು ಕ್ಲಿಷ್ಟವಾಗಿ ಕಂಡರೂ ಅವುಗಳ ಹಿಂದೆ ಒಳ್ಳೆಯ ವಿಚಾರವಿದೆ. ಚಿಹ್ನೆಯನ್ನು ಅಡ್ಡಲಾಗಿ ಎರಡು ಮಾಡಿ ಓದಿ. ಮೇಲಿನ ಅರ್ಧ ನಿಮ್ಮ ಸ್ವಂತ ಉಪಕರಣಗಳ ತೀರ್ಪು. ಕೆಳಗಿನ ಅರ್ಧ ಡೇಟಾಲಿಂಕ್ ಮೂಲಕ ಬೇರೆಯವರು ಕಳಿಸಿದ್ದು. ಅರ್ಧವೃತ್ತ ಎಂದರೆ ಮಿತ್ರ, ಚೌಕದ ಅರ್ಧ ಎಂದರೆ ಗೊತ್ತಿಲ್ಲ, ಚೂಪಾದ ಮೊನೆ ಎಂದರೆ ಶತ್ರು. ಮೇಲೆ ಚೌಕದ ಅರ್ಧ, ಕೆಳಗೆ ಮೊನೆ ಇದ್ದರೆ ‘ನನಗೆ ಗೊತ್ತಿಲ್ಲ, ಅವಾಕ್ಸ್ ಶತ್ರು ಎನ್ನುತ್ತಿದೆ’ ಎಂದು ನೇರ ಓದಿಕೊಳ್ಳಬಹುದು. ಕೆಳಗಿನ ಅರ್ಧ ಇಲ್ಲವೇ ಇಲ್ಲ ಎಂದರೆ ನೀವೊಬ್ಬರೇ ನೋಡುತ್ತಿದ್ದೀರಿ. ಎಫ್-16ರಲ್ಲಿ ಡೇಟಾಲಿಂಕ್‌ನಿಂದ ಬಂದವಕ್ಕೆ ಹಸಿರು ವೃತ್ತ ಮಿತ್ರ, ಹಳದಿ ಚೌಕ ಅಪರಿಚಿತ, ಕೆಂಪು ತ್ರಿಕೋನ ಶತ್ರು.

ಬಣ್ಣದ ಬಗ್ಗೆ ಒಂದು ಗಂಭೀರ ಮಾತು. ಐಎಫ್‌ಎಫ್ (‘ನೀನು ನಮ್ಮವನೇ’ ಎಂದು ರೇಡಿಯೋ ಸಂಕೇತದಲ್ಲಿ ಕೇಳುವ ಉಪಕರಣ) ಪ್ರಶ್ನೆಗೆ ಉತ್ತರ ಬಂದರೆ ಅವನು ಮಿತ್ರ ಎಂದು ನಂಬಬಹುದು. ಉತ್ತರ ಬರದಿದ್ದರೆ ಅವನು ಶತ್ರು ಎಂದು ತೀರ್ಮಾನಿಸಲಾಗದು. ಅವನ ಉಪಕರಣ ಆಫ್ ಆಗಿರಬಹುದು, ಕೆಟ್ಟಿರಬಹುದು. ಹಳದಿಯ ಮೇಲೆ ಕ್ಷಿಪಣಿ ಬಿಡುವ ಚಾಳಿ ಆನ್‌ಲೈನ್ ಹಾರಾಟದಲ್ಲಿ ಜೊತೆಗಾರರನ್ನೇ ಬೀಳಿಸುತ್ತದೆ. ಕೇಳಿ, ಖಚಿತ ಮಾಡಿಕೊಳ್ಳಿ, ಆಮೇಲೆ ಬಿಡಿ.

ಹಂತ 5: ಆಯ್ದ ಗುರಿ

ಕರ್ಸರ್ ಇಟ್ಟು ಆರಿಸಿದಾಗ ಎಫ್-16ರಲ್ಲಿ ಚಿಹ್ನೆಯ ಸುತ್ತ ವೃತ್ತ ಬೀಳುತ್ತದೆ. ಇದಕ್ಕೆ ‘ಬಗ್ ಮಾಡುವುದು’ ಎನ್ನುತ್ತಾರೆ. ಹಾರ್ನೆಟ್‌ನಲ್ಲಿ ಮುಖ್ಯ ಗುರಿಯ ಒಳಗೆ ನಕ್ಷತ್ರ, ಎರಡನೇ ಗುರಿಯ ಒಳಗೆ ವಜ್ರಾಕಾರ.

ಈಗ ಪರದೆಯ ಮೇಲ್ಭಾಗ ಓದಿ. ಎಫ್-16ರಲ್ಲಿ ಅಲ್ಲಿ ಆಸ್ಪೆಕ್ಟ್, ಹಾರುವ ದಿಕ್ಕು, ವೇಗ, ಹತ್ತಿರವಾಗುವ ವೇಗ ಇರುತ್ತವೆ. ಆಸ್ಪೆಕ್ಟ್ ಹತ್ತರ ಲೆಕ್ಕದಲ್ಲಿ, ಗುರಿಯ ಬಾಲದಿಂದ ಅಳೆದದ್ದು. 18 ಎಂದರೆ 180 ಡಿಗ್ರಿ, ಮುಖಾಮುಖಿ. 0 ಎಂದರೆ ನೀವು ಅವನ ಬಾಲದ ಹಿಂದೆ. 9ರ ಆಸುಪಾಸು ಎಂದರೆ ಪಕ್ಕ. ಹಾರ್ನೆಟ್‌ನಲ್ಲಿ ಹತ್ತಿರವಾಗುವ ವೇಗ ಬಲ ಅಂಚಿನಲ್ಲಿ, ದೂರದ ಗುರುತಿನ ಪಕ್ಕದಲ್ಲಿ.

ಹತ್ತಿರವಾಗುವ ವೇಗವನ್ನು ಸಮಯಕ್ಕೆ ಬದಲಿಸುವುದು ಅಭ್ಯಾಸವಾಗಲಿ. 1,200 ನಾಟ್ ಎಂದರೆ ನಿಮಿಷಕ್ಕೆ 20 ಮೈಲಿ. 40 ಮೈಲಿ ದೂರದ ಗುರಿಗೆ ನಿಮ್ಮ ಬಳಿ ಇರುವುದು ಎರಡೇ ನಿಮಿಷ.

ಇನ್ನೂ ಒಂದು ಮೆಟ್ಟಿಲು ಮೇಲೆ ಎಸ್‌ಟಿಟಿ ಇದೆ. ರೇಡಾರ್ ಹುಡುಕಾಟ ನಿಲ್ಲಿಸಿ ಒಂದೇ ಗುರಿಯನ್ನು ಬಿಡದೆ ಹಿಡಿಯುತ್ತದೆ. ಮಾಹಿತಿ ಅತ್ಯಂತ ನಿಖರ, ಆದರೆ ಉಳಿದ ಆಕಾಶ ಪರದೆಯಿಂದ ಮಾಯ, ಎದುರಾಳಿಯ ಕಾಕ್‌ಪಿಟ್‌ನಲ್ಲಿ ಲಾಕ್ ಎಚ್ಚರಿಕೆಯೂ ಕೂಗುತ್ತದೆ. ಎಐಎಂ-7 ಸ್ಪ್ಯಾರೋ ಕ್ಷಿಪಣಿಗೆ ಕೊನೆವರೆಗೆ ಈ ಲಾಕ್ ಬೇಕೇ ಬೇಕು. ಎಐಎಂ-120ಕ್ಕೆ ಟಿಡಬ್ಲ್ಯುಎಸ್ ಸಾಕು. ಅದಿರುವಾಗ ಅವಸರದಲ್ಲಿ ಎಸ್‌ಟಿಟಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಹಂತ 6: ಕ್ಷಿಪಣಿಯ ಗುರುತುಗಳು

ದೂರದ ಅಳತೆಯ ಮೇಲೆ ಮೂಡುವ ಗುರುತುಗಳಲ್ಲಿ ಮೂರನ್ನು ತಿಳಿದರೆ ಆರಂಭಕ್ಕೆ ಸಾಕು. ತೀರ ಹೊರಗಿನದು ಗರಿಷ್ಠ ದೂರ: ಗುರಿ ತಿರುಗದೆ, ಹೀಗೇ ಹಾರುತ್ತಿದ್ದರೆ ಮಾತ್ರ ಮುಟ್ಟೀತು. ಅದರೊಳಗಿನದು, ಗುರಿ ತಿರುಗಿ ಓಡಿದರೂ ಮುಟ್ಟಬಲ್ಲ ದೂರ. ಹಾರ್ನೆಟ್‌ನಲ್ಲಿ ಇದಕ್ಕೆ ಆರ್‌ಎನ್‌ಇ ಎನ್ನುತ್ತಾರೆ. ಕೊನೆಯದು ಕನಿಷ್ಠ ದೂರ. ಅದಕ್ಕಿಂತ ಹತ್ತಿರವಾದರೆ ಪರದೆಯ ಮೇಲೆ ದೊಡ್ಡ ಅಡ್ಡಗೀಟಿನ ಗುರುತು ಬೀಳುತ್ತದೆ. ಹೊರಗಿನ ಗುರುತು ದಾಟಿದ ಕೂಡಲೇ ಗುಂಡಿ ಒತ್ತುವುದು ಬಹುತೇಕ ಕ್ಷಿಪಣಿ ವ್ಯರ್ಥ ಮಾಡಿದಂತೆ, ಏಕೆಂದರೆ ಎದುರಾಳಿ ಖಂಡಿತ ತಿರುಗುತ್ತಾನೆ.

ಪರದೆಯ ನಡುವಿನ ದೊಡ್ಡ ವೃತ್ತ ಮತ್ತು ಒಂಟಿ ಚುಕ್ಕೆ ದಿಕ್ಕು ತೋರಿಸಲು. ಚುಕ್ಕೆ ವೃತ್ತದೊಳಗೆ ಇರುವಂತೆ ಹಾರಿ. ಕ್ಷಿಪಣಿ ಬಿಟ್ಟ ಮೇಲೆ ಹಾರ್ನೆಟ್‌ನಲ್ಲಿ ಎಸಿಟಿ ಎಂಬ ಅಕ್ಷರಗಳ ಜೊತೆ ಇಳಿಯುವ ಅಂಕಿ, ಕ್ಷಿಪಣಿಯ ಸ್ವಂತ ರೇಡಾರ್ ಎಚ್ಚರಗೊಳ್ಳಲು ಉಳಿದ ಸೆಕೆಂಡು. ಅದು ಟಿಟಿಜಿ ಎಂದು ಬದಲಾದಾಗ ಮುಟ್ಟಲು ಉಳಿದ ಸಮಯ. ಎಸಿಟಿ ಮುಗಿಯುವವರೆಗೆ ಗುರಿ ನಿಮ್ಮ ರೇಡಾರ್‌ನ ನೋಟದೊಳಗೇ ಇರಬೇಕು.

ಹಂತ 7: ಚಿಹ್ನೆ ಮಾಯವಾದಾಗ

ನನಗೆ ಬಹಳ ಇಷ್ಟದ ಭಾಗ ಇದು, ಏಕೆಂದರೆ ಪರದೆ ಖಾಲಿಯಾಗುವುದೂ ಒಂದು ಸುದ್ದಿ.

ಮೇಲಿನಿಂದ ಕೆಳಗೆ ನೋಡುವಾಗ ರೇಡಾರ್‌ಗೆ ನೆಲದಿಂದಲೂ ಪ್ರತಿಧ್ವನಿ ಬರುತ್ತದೆ. ವಿಮಾನವನ್ನು ನೆಲದಿಂದ ಬೇರ್ಪಡಿಸಲು ಅದು ಡಾಪ್ಲರ್ ವ್ಯತ್ಯಾಸವನ್ನು, ಅಂದರೆ ನಿಮ್ಮತ್ತ ಬರುವ ಅಥವಾ ದೂರ ಹೋಗುವ ವೇಗವನ್ನು ನೆಚ್ಚಿಕೊಂಡಿದೆ. ಎದುರಾಳಿ ನಿಮ್ಮ ನೋಟಕ್ಕೆ ನೇರ ಅಡ್ಡಲಾಗಿ ಹಾರಿದರೆ ಆ ವೇಗ ನೆಲದ್ದಕ್ಕೇ ಸಮವಾಗುತ್ತದೆ. ರೇಡಾರ್ ಅವನನ್ನು ನೆಲ ಎಂದುಕೊಂಡು ಸೋಸಿಬಿಡುತ್ತದೆ. ಇದೇ ನಾಚ್.

ಪರದೆಯಲ್ಲಿ ಇದು ಹೀಗೆ ಕಾಣುತ್ತದೆ: ಗೆರೆ ಅಡ್ಡಕ್ಕೆ ಹೊರಳುತ್ತದೆ, ಹತ್ತಿರವಾಗುವ ವೇಗ ಕುಸಿಯುತ್ತದೆ, ಚಿಹ್ನೆ ಕೆಲವು ಸೆಕೆಂಡು ಹಳೆಯ ದಾರಿಯಲ್ಲೇ ಸಾಗಿ ಅಳಿಸಿಹೋಗುತ್ತದೆ. ಆ ಕೆಲವು ಸೆಕೆಂಡು ಕಂಡದ್ದು ವಿಮಾನವಲ್ಲ, ರೇಡಾರ್‌ನ ಊಹೆ. ಹೊಸ ಪ್ರತಿಧ್ವನಿ ಇಲ್ಲದೆ ಹಳೆಯ ದಿಕ್ಕು, ವೇಗದ ಮೇಲೆ ಅದು ಚಿಹ್ನೆಯನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಚಿಹ್ನೆ ವಿಪರೀತ ನುಣುಪಾಗಿ, ಒಂದೇ ಗೆರೆಯಲ್ಲಿ ಸರಿಯುತ್ತಿದೆ ಎನ್ನಿಸಿದರೆ ಅನುಮಾನಿಸಿ.

ಇತರ ಕಾರಣಗಳೂ ಇವೆ. ಎತ್ತರದ ವ್ಯಾಪ್ತಿಯಿಂದ ಜಾರಿರಬಹುದು (ಹಂತ 2). ನೀವೇ ತಿರುಗುವಾಗ ಆಂಟೆನಾ ಹೊರಳಬಲ್ಲ ಮಿತಿ ಮೀರಿರಬಹುದು. ಆಗ ಚಿಹ್ನೆ ಪಕ್ಕದ ಅಂಚಿಗೆ ಅಂಟಿಕೊಂಡು ಹೋಗಿರುತ್ತದೆ. ಹಾರ್ನೆಟ್‌ನಲ್ಲಿ ಪಿಆರ್‌ಎಫ್ (ರೇಡಾರ್ ಸೆಕೆಂಡಿಗೆ ಎಷ್ಟು ಸಲ ಸಂಕೇತ ಕಳಿಸುತ್ತದೆ ಎಂಬ ಲೆಕ್ಕ) ಆಯ್ಕೆಯನ್ನೂ ನೋಡಿ: ‘ಹೈ’ ದೂರದಿಂದ ನಿಮ್ಮತ್ತ ಬರುವವರಿಗೆ ಚೆನ್ನ, ‘ಮೀಡಿಯಂ’ ಎಲ್ಲ ದಿಕ್ಕಿನವರಿಗೂ ಆದೀತು ಆದರೆ ದೂರ ಕಡಿಮೆ, ಮೂರನೆಯ ಆಯ್ಕೆ ಎರಡನ್ನೂ ಸಾಲು ಬಿಟ್ಟು ಸಾಲು ಬಳಸುತ್ತದೆ. ಬೇರೆ ಕಾರಣ ಇಲ್ಲದಿದ್ದರೆ ಮೂರನೆಯದರಲ್ಲೇ ಬಿಡಿ.

ಹಂತ 8: ಎಚ್ಚರಿಕೆಯ ದುಂಡು ಪರದೆ ಬೇರೆ

ಕಾಕ್‌ಪಿಟ್‌ನ ಇನ್ನೊಂದು ಮೂಲೆಯ ವೃತ್ತಾಕಾರದ ಪರದೆ ಆರ್‌ಡಬ್ಲ್ಯುಆರ್. ಅದು ನಿಮ್ಮ ರೇಡಾರ್ ಕಂಡದ್ದನ್ನು ತೋರಿಸುವುದಿಲ್ಲ. ನಿಮ್ಮನ್ನು ಯಾರ ರೇಡಾರ್ ತಾಕುತ್ತಿದೆ ಎಂದು ಕೇಳಿಸಿಕೊಳ್ಳುತ್ತದೆ. ಇಲ್ಲಿ ನೀವು ನಿಜಕ್ಕೂ ನಡುವಿನಲ್ಲಿದ್ದೀರಿ. 29 ಎಂದರೆ ಮಿಗ್-29ರ ರೇಡಾರ್, 6 ಅಥವಾ 11 ಎಂದರೆ ಆ ಸಂಖ್ಯೆಯ ನೆಲದ ಕ್ಷಿಪಣಿ ವ್ಯವಸ್ಥೆ. ಅಂಕಿಯ ಮೇಲೆ ಟೋಪಿಯಂಥ ಗುರುತಿದ್ದರೆ ಅದು ಆಕಾಶದಲ್ಲಿದೆ. ಎಂ ಅಕ್ಷರ ಕಂಡರೆ ಯಾವುದೋ ಕ್ಷಿಪಣಿಯ ಸ್ವಂತ ರೇಡಾರ್ ನಿಮ್ಮ ಮೇಲಿದೆ, ಕೂಡಲೇ ತಿರುಗಿ. ಚಿಹ್ನೆ ನಡುವಿಗೆ ಹತ್ತಿರವಿದ್ದರೆ ಅಪಾಯ ಹೆಚ್ಚು ಎಂದರ್ಥ, ಮೈಲಿಗಳ ಲೆಕ್ಕ ಅಲ್ಲಿ ನಡೆಯದು.

ಅಭ್ಯಾಸ ಹೀಗೆ ಮಾಡಿ

ಮಿಷನ್ ಎಡಿಟರ್‌ನಲ್ಲಿ ಆಯುಧವಿಲ್ಲದ ಒಂದೇ ವಿಮಾನವನ್ನು 60 ಮೈಲಿ ದೂರ, ನಿಮ್ಮದೇ ಎತ್ತರದಲ್ಲಿ, ಎದುರುಮುಖವಾಗಿ ಇಡಿ. ಹಾರುತ್ತ ಚೌಕ ಮೂಡಿದ ಕೂಡಲೇ ಗಟ್ಟಿಯಾಗಿ ಹೇಳಿ: ಕೋನ ಎಷ್ಟು, ದೂರ ಎಷ್ಟು, ನೇರ ಇಳಿಯುತ್ತಿದೆಯೋ ಬಾಗುತ್ತಿದೆಯೋ. ಆಮೇಲೆ ಆಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಡಿಸಿಎಸ್‌ನ ಎಫ್10 ನಕ್ಷೆಯಲ್ಲಿ ನಿಮ್ಮ ಉತ್ತರ ಸರಿಯೇ ನೋಡಿ. ಲಾಕ್ ಮಾಡುವ ಅಗತ್ಯವೇ ಇಲ್ಲ.

ಎರಡನೇ ಸಲ ಅದೇ ವಿಮಾನವನ್ನು 5 ಮೈಲಿ ಪಕ್ಕಕ್ಕೆ ಸರಿಸಿ, ಚಿಹ್ನೆ ಬಾಗುವುದನ್ನು ನೋಡಿ. ಮೂರನೇ ಸಲ ಅದನ್ನು 5,000 ಅಡಿಗೆ ಇಳಿಸಿ. ನೀವು 25,000ದಲ್ಲೇ ಇದ್ದು, ಬರಿಯ ಆಂಟೆನಾ ಚಕ್ರದಿಂದ 10 ಮೈಲಿವರೆಗೆ ಅದನ್ನು ಕೈಬಿಡದೆ ಹಿಡಿಯಲು ನೋಡಿ. ನಾಲ್ಕನೆಯದರಲ್ಲಿ ಅದರ ದಾರಿಗೆ 25 ಮೈಲಿಯ ಹೊತ್ತಿಗೆ 90 ಡಿಗ್ರಿ ತಿರುವು ಹಾಕಿ, ನಾಚ್ ನಿಮ್ಮ ಪರದೆಯ ಮೇಲೆ ನಡೆಯುವುದನ್ನು ಗಮನಿಸಿ. ಚಿಹ್ನೆ ಊಹೆಯಾಗಿ ಬದಲಾದ ಕ್ಷಣವನ್ನು ಗುರುತಿಸಿ, ಹಾರಾಟದ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ಹೋಲಿಸಿ. ಇವು ನಾಲ್ಕೂ ಸಲೀಸಾದ ಮೇಲೆ ಅದೇ ಮಿಷನ್‌ಗೆ ಎರಡನೇ ವಿಮಾನ ಸೇರಿಸಿ, ಅವುಗಳಿಗೆ ಆಯುಧ ಕೊಡಿ.